ಮಧ್ಯಾಹ್ನ ಹನ್ನೆರಡಕ್ಕೆ ಆಫ್ ಆಗುವ ಇನ್ವರ್ಟರ್

'ಬಿಸಿಲು ಸುಡ್ತಿದೆ ಸಾರ್, ಇನ್ವರ್ಟರ್ ಮಾತ್ರ ಆಫ್!' ಮನೆ ಮೇಲೆ ಸೋಲಾರ್ ಕೂರಿಸುವ ನನ್ನ ಕೆಲಸದಲ್ಲಿ ಜಾಸ್ತಿ ಬರುವ ಫೋನ್ ಇದೇ. 2024ರಲ್ಲಿ ಪಿಎಂ ಸೂರ್ಯಘರ್ ಸಬ್ಸಿಡಿ ಶುರುವಾದ ಮೇಲೆ ಹಳ್ಳಿಗಳಿಂದಲೂ ಬರುತ್ತಿವೆ. ಬೈಗುಳ ಬೀಳುವುದು ಇನ್ವರ್ಟರ್‌ಗೆ, ಅಂದರೆ ಪ್ಯಾನೆಲ್‌ನ ಕರೆಂಟನ್ನು ಮನೆ ಬಳಸುವ ಎಸಿ ಕರೆಂಟಾಗಿಸಿ, ಮಿಕ್ಕಿದ್ದನ್ನು ಗ್ರಿಡ್‌ಗೆ (ಬೀದಿಯ ಕರೆಂಟು ಲೈನಿಗೆ) ಕಳಿಸುವ ಪೆಟ್ಟಿಗೆಗೆ. ಅದು ಪಾಪ ನಿಯಮ ಪಾಲಿಸುತ್ತಿರುತ್ತದೆ ಅಷ್ಟೇ. ಗ್ರಿಡ್ ವೋಲ್ಟೇಜ್ ಶೇ 110 ದಾಟಿದರೆ, ಅಂದರೆ 230ರ ಲೆಕ್ಕದಲ್ಲಿ 253 ವೋಲ್ಟ್, ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕು ಅನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ.

253 ಎಲ್ಲಿಂದ ಬರುತ್ತದೆ? ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ 433 ವೋಲ್ಟ್ ಅಂತ ಬರೆದಿರುತ್ತದೆ ನೋಡಿ. ಒಂದು ಫೇಸ್‌ಗೆ ಅದು 250. ತಂತಿಯಲ್ಲಿ ಇಳಿದೂ ಕೊನೇ ಮನೆಗೆ ಸಾಕಷ್ಟು ಸಿಗಲಿ ಅಂತ ಹೀಗೆ ಎತ್ತಿ ಕೊಡುತ್ತಾರೆ. ಆದರೆ ಮಧ್ಯಾಹ್ನ ಊರಲ್ಲಿ ಲೋಡ್ ಎಲ್ಲಿದೆ? ಹಳ್ಳಿ ಮನೆಗಳಿಗೆ ಪ್ರತ್ಯೇಕ ಲೈನ್ ಕೊಡುವ ನಿರಂತರ ಜ್ಯೋತಿ ಯೋಜನೆ ಬಂದ ಕಡೆ ಪಂಪ್‌ಸೆಟ್‌ಗಳೂ ಬೇರೆ ಫೀಡರ್‌ಗೆ (ಬೇರೆ ಲೈನಿಗೆ) ಹೋಗಿವೆ. ಇಳಿಯಬೇಕಾದ ವೋಲ್ಟೇಜ್ ಇಳಿಯುವುದೇ ಇಲ್ಲ. ಅದರ ಮೇಲೆ ಸೋಲಾರ್ ಕರೆಂಟು ಉಲ್ಟಾ ಹರಿದು ಇನ್ನಷ್ಟು ಏರಿಸುತ್ತದೆ.

ಎಷ್ಟು ಏರುತ್ತದೆ ಅನ್ನುವುದು ತಂತಿಯ ರೆಸಿಸ್ಟೆನ್ಸ್ ಮೇಲೆ ನಿಂತಿದೆ. ಬೀದಿ ಕಂಬಗಳ ಮೇಲೆ ಎಳೆಯುವ 'ವೀಸಲ್' ಅನ್ನುವ ಅಲ್ಯುಮಿನಿಯಂ ತಂತಿಯದ್ದು ಕಿಲೋಮೀಟರ್‌ಗೆ ಸುಮಾರು 0.9 ಓಮ್. ಟ್ರಾನ್ಸ್‌ಫಾರ್ಮರ್‌ನಿಂದ 400 ಮೀಟರ್ ದೂರದ ಮನೆಯಲ್ಲಿ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಹಾಕಿದರೆ ಸುಮಾರು 22 ಆಂಪಿಯರ್ ಹೊರಗೆ ಹೋಗುತ್ತದೆ, ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ಏರಿಕೆ 16 ವೋಲ್ಟ್! ಅದೇ 5 ಕಿಲೋವ್ಯಾಟನ್ನು ತ್ರೀ ಫೇಸ್‌ಗೆ ಹಂಚಿ. ಕರೆಂಟು ಮೂರನೇ ಒಂದು ಭಾಗ, ನ್ಯೂಟ್ರಲ್ ಬಹುತೇಕ ಖಾಲಿ. ಏರಿಕೆ ಮೂರು ವೋಲ್ಟೂ ಇಲ್ಲ.

ಯಾರೂ ನೋಡದ ಇನ್ನೊಂದು ಜಾಗ ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ವೈರ್. 40 ಮೀಟರ್ ಉದ್ದದ 4 ಚದರ ಮಿಲಿಮೀಟರ್ ಅಲ್ಯುಮಿನಿಯಂ ಆದರೆ, ಅದೊಂದೇ ಹನ್ನೆರಡು ವೋಲ್ಟ್ ಏರಿಸುತ್ತದೆ. 10 ಚದರ ಮಿಲಿಮೀಟರ್ ಹಾಕಿದರೆ ಐದರ ಆಸುಪಾಸು. ಲಕ್ಷಗಟ್ಟಲೆ ಸುರಿದು ಪ್ಯಾನೆಲ್ ಹಾಕಿಸುವವರು ಈ ವೈರಿಗೆ ಯಾಕೆ ಚೌಕಾಸಿ ಮಾಡುತ್ತಾರೋ.

ಕೆಲವು ಟೆಕ್ನಿಷಿಯನ್‌ಗಳು ಸುಮ್ನೆ ಇನ್ವರ್ಟರ್ ಸೆಟ್ಟಿಂಗ್‌ಗೆ ಹೋಗಿ ಮಿತಿಯನ್ನು 265ಕ್ಕೆ ಏರಿಸಿ ಬರುತ್ತಾರೆ. ಗಿರಾಕಿ ಖುಷಿ. ಪಕ್ಕದ ಮನೆಯ ಫ್ರಿಜ್ ಆ ವೋಲ್ಟೇಜ್ ತಿನ್ನುತ್ತಿರುತ್ತದೆ. ಇದು ರಿಪೇರಿ ಅಲ್ಲ, ನಿಯಮಕ್ಕೂ ವಿರುದ್ಧ. ಇನ್ನೊಂದು ಉಪಾಯ, ಇನ್ವರ್ಟರ್‌ನ ಪವರ್ ಫ್ಯಾಕ್ಟರ್ ಬದಲಿಸಿ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹಿಂದೆ ಮುಂದೆ ಓಡಾಡುವ ಪವರ್) ಎಳೆದುಕೊಂಡು ವೋಲ್ಟೇಜ್ ಇಳಿಸುವುದು. ಟ್ರಾನ್ಸ್‌ಫಾರ್ಮರ್‌ಗೆ ಬರುವ 11 ಕೆವಿ ಲೈನಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮನೆಯ ಲೈನಿನಲ್ಲಿ ರೆಸಿಸ್ಟೆನ್ಸೇ ಜಾಸ್ತಿ, ಹಾಗಾಗಿ ಒಂದೆರಡು ವೋಲ್ಟ್ ಇಳಿದರೆ ದೊಡ್ಡದು. ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಅದು ಕೊಡುವ ವೋಲ್ಟೇಜ್ ಹೊಂದಿಸುವ ಸ್ವಿಚ್) ಇಳಿಸಿ ಅಂತ ಎಸ್ಕಾಂಗೆ ಬರೆಯಬಹುದು. ಆದರೆ ಲೋಡ್ ಏರುವ ರಾತ್ರಿ ಏಳಕ್ಕೆ ಕೊನೇ ಮನೆಯವರ ಫ್ಯಾನ್ ತಿರುಗಬೇಕಲ್ವಾ?

ಅದಕ್ಕೇ ನಾನು ಸೈಟ್ ನೋಡಲು ಹೋಗುವುದು ಬಿಸಿಲು ನೆತ್ತಿಗೆ ಬಂದಾಗ. ಮೀಟರ್ ಹತ್ತಿರ ಆಗಲೇ 245 ದಾಟಿದ್ದರೆ ತ್ರೀ ಫೇಸ್ ಅರ್ಜಿ ಮತ್ತು ಸರ್ವಿಸ್ ವೈರ್ ಮಾತು ಮೊದಲು, ಪ್ಯಾನೆಲ್ ಕೊಟೇಶನ್ ಆಮೇಲೆ.