ಮೌಸ್ ಹಿಡಿದು ನೋಡಿದ್ದು, ಮೆಟ್ಟಿಲು ಹತ್ತಿ ನೋಡಿದ್ದು

ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡುವ ಮೊದಲೇ ಅಲ್ಲಿನ ಮ್ಯೂಸಿಯಂಗಳನ್ನು ನಾನು ಅರ್ಧ ನೋಡಿಬಿಟ್ಟಿದ್ದೆ. ಎರಡು ವಾರ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತದ್ದೇ ಕೂತದ್ದು.

ಡಚ್ ಚಿತ್ರಕಾರ ರೆಂಬ್ರಾಂಟ್ ಊರಿನ ಕಾವಲು ಪಡೆಯೊಂದನ್ನು ಅದರ ಕ್ಯಾಪ್ಟನ್ ಸಮೇತ ಬರೆದ ‘ನೈಟ್ ವಾಚ್’ ಚಿತ್ರವನ್ನು ಅಲ್ಲಿನ ರೈಕ್ಸ್‌ಮ್ಯೂಸಿಯಂನವರು 8,439 ಫೋಟೊಗಳಲ್ಲಿ ತೆಗೆದು, ಒಂದಕ್ಕೊಂದು ಜೋಡಿಸಿ, 2022ರಲ್ಲಿ ಇಂಟರ್‌ನೆಟ್‌ಗೆ ಹಾಕಿದ್ದಾರೆ. ಒಟ್ಟು 71,700 ಕೋಟಿ ಪಿಕ್ಸೆಲ್. ಜೂಮ್ ಮಾಡುತ್ತಾ ಹೋದರೆ ಮುಖ ಮಾಯವಾಗಿ ಕಣ್ಣು, ಕಣ್ಣೂ ಮಾಯವಾಗಿ ಬಣ್ಣದ ಬಿರುಕು. ಹೊಂಬಣ್ಣದ ಬಟ್ಟೆಯ ಹುಡುಗಿಯ ಸೊಂಟದಲ್ಲಿ ಒಂದು ಸತ್ತ ಕೋಳಿ ನೇತಾಡುತ್ತಿದೆ. ಅದರ ಉಗುರು ಆ ಕಾವಲು ಪಡೆಯ ಗುರುತಂತೆ. ಹಿಂದೆ, ಜನರ ಸಂದಿಯಲ್ಲಿ, ಟೋಪಿ ಹಾಕಿದ ಒಬ್ಬನ ಒಂದೇ ಕಣ್ಣು ಇಣುಕುತ್ತದೆ. ಅದು ರೆಂಬ್ರಾಂಟ್‌ನೇ ಅಂತ ಹೇಳುವವರಿದ್ದಾರೆ. ಇಷ್ಟೆಲ್ಲ ನೋಡಿದ ಮೇಲೆ ಅಲ್ಲಿಗೆ ಹೋಗುವುದಾದರೂ ಯಾಕೆ ಅನ್ನಿಸಿದ್ದು ನಿಜ.

ಹೋದೆ. ಮ್ಯೂಸಿಯಂ ಕಟ್ಟಡದ ಹೊಟ್ಟೆಯೊಳಗೇ ಸೈಕಲ್ ದಾರಿ ಇದೆ, ಗಂಟೆ ಬಾರಿಸಿಕೊಂಡು ಜನ ನುಗ್ಗುತ್ತಾರೆ. ನಿಂತು ನೋಡಿದರೆ ಬೈಗುಳ ಗ್ಯಾರಂಟಿ.

ಮೇಲೆ ಹತ್ತಿ, ಉದ್ದನೆಯ ಹಜಾರದ ಕೊನೆಗೆ ಬಂದರೆ ‘ನೈಟ್ ವಾಚ್’. ಎತ್ತರ 3.8 ಮೀಟರ್, ಅಗಲ 4.5 ಮೀಟರ್. 1715ರಲ್ಲಿ ಪುರಭವನಕ್ಕೆ ಸಾಗಿಸುವಾಗ ಗೋಡೆಗೆ ಹಿಡಿಯಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿ ಉಳಿದ ಅಳತೆ ಇದು! ಚಿತ್ರದ ಸುತ್ತ ಗಾಜಿನ ಕೋಣೆ. 2019ರಿಂದ ಜನರ ಕಣ್ಣೆದುರೇ ಅದರ ಪರೀಕ್ಷೆ, ದುರಸ್ತಿ ನಡೆಯುತ್ತಿದೆ. ನಾನು ಆ ಕಣ್ಣನ್ನು ಹುಡುಕಿದೆ. ಗಾಜು, ಮುಂದಿನವರ ತಲೆ, ಎತ್ತಿ ಹಿಡಿದ ಮೊಬೈಲುಗಳು. ಏನು ಮಾಡಿದರೂ ಸಿಗಲಿಲ್ಲ. ಆದರೆ ಕ್ಯಾಪ್ಟನ್ ಚಾಚಿದ ಕೈ ನನ್ನತ್ತಲೇ ಬರುತ್ತಿತ್ತು, ಅದರ ನೆರಳು ಪಕ್ಕದವನ ಹಳದಿ ಅಂಗಿಯ ಮೇಲೆ ಬಿದ್ದಿತ್ತು. ಸ್ಕ್ರೀನ್‌ನಲ್ಲಿ ಕೋಳಿಯೂ ಕ್ಯಾಪ್ಟನ್ನೂ ಒಂದೇ ಅಳತೆ ಅಲ್ವಾ? ಇಲ್ಲಿ ನಾನೇ ಸಣ್ಣವನಾಗಿದ್ದೆ.

ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರದಲ್ಲಿ ಇದೇ ಉಲ್ಟಾ. ಲ್ಯಾಪ್‌ಟಾಪ್ ತುಂಬ ಹರಡಿಕೊಂಡಿದ್ದ ಚಿತ್ರ ಅರ್ಧ ಮೀಟರ್ ಕೂಡ ಇಲ್ಲ. ಹಿಂದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ, ಅದಕ್ಕೊಂದು ನೆರಳು. ಅದನ್ನೇ ಸುಮ್ನೆ ನೋಡುತ್ತಾ ನಿಂತೆ.

ಮರುದಿನ ಆನ್ ಫ್ರಾಂಕ್ ಮನೆ. ಎರಡನೇ ಮಹಾಯುದ್ಧದಲ್ಲಿ ಯಹೂದಿ ಹುಡುಗಿ ಆನ್ ನಾಜಿಗಳಿಗೆ ಹೆದರಿ ಮನೆಯವರ ಜೊತೆ ಅಡಗಿ, ಡೈರಿ ಬರೆದ ಜಾಗ. ವೆಬ್‌ಸೈಟ್‌ನಲ್ಲಿ ಆ ಅಡಗುತಾಣವನ್ನು ಹಾಸಿಗೆ, ಮೇಜು, ಕುರ್ಚಿ ಸಮೇತ ತೋರಿಸುತ್ತಾರೆ. ನಾನೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಪುಸ್ತಕದ ಕಪಾಟಿನ ಹಿಂದಿನ ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗಿದರೆ ಕೋಣೆಗಳೆಲ್ಲ ಖಾಲಿ. ಬಂಧನದ ನಂತರ ಸಾಮಾನನ್ನೆಲ್ಲ ಹೊತ್ತುಕೊಂಡು ಹೋಗಿದ್ದರು. ಹಾಗೇ ಖಾಲಿ ಇರಲಿ ಅಂದವರು ಬದುಕಿ ಬಂದ ತಂದೆ ಒಟ್ಟೊ ಫ್ರಾಂಕ್. ಎಂಟು ಜನ ಅಡಗಿದ್ದ ಜಾಗ ಅದು. ಏಣಿಯಂಥ ಕಡಿದಾದ ಮೆಟ್ಟಿಲು, ಕಿರುಗುಟ್ಟುವ ಹಲಗೆ. ಹಗಲಿಡೀ ಸದ್ದು ಮಾಡದೆ ಕೂರಬೇಕಿತ್ತು ಅನ್ನುವುದು ಆ ಕಿರುಗುಟ್ಟುವಿಕೆ ಕೇಳಿದ ಮೇಲೆ ಬೇರೆಯೇ ಥರ ಅರ್ಥವಾಯಿತು. ಫೋಟೊ ತೆಗೆಯುವ ಹಾಗಿಲ್ಲ, ಹಾಗಾಗಿ ಯಾರ ಕೈಯಲ್ಲೂ ಮೊಬೈಲಿಲ್ಲ.

ಆನ್ ಅಂಟಿಸಿದ್ದ ಸಿನಿಮಾ ತಾರೆಯರ ಚಿತ್ರಗಳು ಗೋಡೆಯ ಮೇಲೆ ಗಾಜಿನ ಹಿಂದೆ ಹಾಗೇ ಇವೆ. ಇನ್ನೊಂದು ಕಡೆ ಪೆನ್ಸಿಲ್ ಗೀಟುಗಳು. ಮಕ್ಕಳ ಎತ್ತರ ಅಳೆದು ಹಾಕಿದ್ದು. ಮನೆಯಲ್ಲಿ ಕೂತು ಅಷ್ಟೆಲ್ಲ ನೋಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಡಗಿದ್ದ ಎರಡು ವರ್ಷದಲ್ಲಿ ಆನ್ 13 ಸೆಂಟಿಮೀಟರ್‌ಗಿಂತ ಜಾಸ್ತಿ ಬೆಳೆದಿದ್ದಳು. ಮೊದಲ ಗೀಟಿನಿಂದ ಕೊನೆಯ ಗೀಟಿನವರೆಗೆ ಕಣ್ಣಲ್ಲೇ ಅಳೆಯುತ್ತಿದ್ದೆ. ಹಿಂದಿನವರು ಮೆಲ್ಲಗೆ ಕೆಮ್ಮಿದರು, ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.