ಎರಡು ಹರ್ಟ್ಸ್ ಕಳೆದುಹೋದ ಬೆಳಿಗ್ಗೆ

2025ರ ಫೆಬ್ರವರಿ 9, ಭಾನುವಾರ

ಮಾದರಿ ಹೆಲಿಕಾಪ್ಟರಿನ ನಡುಕ ಅಳೆಯಲು ಆರೂವರೆಗೇ ಮೈದಾನ ಸೇರಿದೆವು. ಗಾಳಿ ಎದ್ದರೆ ಅಳತೆ ಕೆಟ್ಟೀತು. ನಡುಕ ಗಾಳಿಯದೋ, ನೆತ್ತಿಯ ಮೇಲೆ ತಿರುಗುವ ರೋಟರಿನದೋ ಹೇಳಲಾಗದು.

ನಮ್ಮ ಮಾದರಿ ಹೆಲಿಕಾಪ್ಟರಿಗೆ ಎರಡೇ ಬ್ಲೇಡು. ರೋಟರಿನ ವ್ಯಾಸ 1.58 ಮೀಟರ್, ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25. ಬ್ಲೇಡುಗಳ ತೂಕವೋ ಕೋನವೋ ಒಂದಕ್ಕೊಂದು ಹೊಂದದಿದ್ದರೆ 25 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 25 ಸಲ, ನಡುಗುತ್ತದೆ. ಅದನ್ನು ಸರಿಪಡಿಸಬಹುದು. ಎಷ್ಟು ಸರಿಪಡಿಸಿದರೂ ಹೋಗದಿರುವುದು 50 ಹರ್ಟ್ಸ್‌ನದು. ಮುಂದಕ್ಕೆ ಹಾರುವಾಗ ಒಂದು ಪಕ್ಕದ ಬ್ಲೇಡು ಗಾಳಿಗೆದುರು ನುಗ್ಗುತ್ತದೆ, ಇನ್ನೊಂದು ಪಕ್ಕದ್ದು ಗಾಳಿಯ ಜೊತೆ ಹಿಂದೆ ಸರಿಯುತ್ತದೆ. ಪ್ರತಿ ಸುತ್ತಿಗೂ ಎರಡು ಗುದ್ದು. ನಾಲ್ಕು ಬ್ಲೇಡಿದ್ದರೆ ನಾಲ್ಕು. ಅದು ಹುಟ್ಟುಗುಣ.

ಮೊದಲು ಟ್ರ್ಯಾಕಿಂಗ್, ಅಂದರೆ ಎರಡೂ ಬ್ಲೇಡು ಒಂದೇ ಎತ್ತರದಲ್ಲಿ ಸುತ್ತುವಂತೆ ಮಾಡುವುದು. ಒಂದು ಬ್ಲೇಡಿನ ತುದಿಗೆ ಕೆಂಪು ಟೇಪು, ಇನ್ನೊಂದಕ್ಕೆ ಹಳದಿ. ಪಕ್ಕದಿಂದ ನೋಡಿದರೆ ಕೆಂಪು ಗೆರೆ ಬೆರಳಷ್ಟು ಮೇಲೆ. ಇಳಿಸಿ, ಕೆಂಪು ಬ್ಲೇಡಿನ ಕೋನ ಬದಲಿಸುವ ಲಿಂಕನ್ನು ಒಂದು ಸುತ್ತು ತಿರುಗಿಸಿ ಮತ್ತೆ ಏರಿಸಿದೆವು. ಎರಡು ಗೆರೆಗಳೂ ಬೆರೆತು ಕಿತ್ತಳೆಯಾದವು. ಎಷ್ಟು ಸಲ ಮಾಡಿದರೂ ಈ ಕ್ಷಣ ನನಗೆ ಬೇಸರ ತರಿಸಿಲ್ಲ.

ಇಂದಿನ ನಿಜವಾದ ಪರೀಕ್ಷೆ ಮೂತಿಯೊಳಗಿನ ಉಕ್ಕಿನ ಪಟ್ಟಿಯದು. ತುದಿಯಲ್ಲಿ 60 ಗ್ರಾಂ ತೂಕ, ಶ್ರುತಿ ಸರಿಯಾಗಿ 50 ಹರ್ಟ್ಸ್‌ಗೆ. ನಡುಕವನ್ನೆಲ್ಲ ತಾನು ತೆಗೆದುಕೊಂಡು ಒಡಲನ್ನು ಸುಮ್ಮನಿರಿಸಬೇಕು. ಇದನ್ನು ಮೇಜಿಗೆ ಬಿಗಿದು ನೋಡಿ ಪ್ರಯೋಜನವಿಲ್ಲ. ಬಿಗಿದ ಒಡಲು ನಡುಗುವ ರೀತಿಯೇ ಬೇರೆ. ನಿಂತಲ್ಲಿಂದ ನಿಧಾನ ಮುಂದೆ ಸಾಗುವಾಗ ಬ್ಲೇಡು ತಾನೇ ಬಿಟ್ಟ ಸುಳಿಗಳಿಗೆ ಸಿಕ್ಕಿ ಕುಲುಕಾಡುತ್ತದೆ, ಅದನ್ನೂ ಹಾರಿಸಿಯೇ ನೋಡಬೇಕು. ಒಳಗೆ ಯಾರೂ ಕೂತಿಲ್ಲವೆಂಬ ಧೈರ್ಯಕ್ಕೆ ಅದೇ ವೇಗದಲ್ಲಿ ಮತ್ತೆ ಮತ್ತೆ ಸುತ್ತಿಸಿದೆವು.

ಎರಡು ನಿಮಿಷ ನಡುಕದ ಗ್ರಾಫು ತಣ್ಣಗಿತ್ತು. ಮೂರನೆಯ ನಿಮಿಷಕ್ಕೆ ಶಿಖರ ಮತ್ತೆ ಎದ್ದು, ಪಟ್ಟಿ ಹಾಕದ ದಿನದ ಎತ್ತರಕ್ಕೆ ಹೆಚ್ಚುಕಡಿಮೆ ಬಂದುಬಿಟ್ಟಿತು.

"ಸ್ಕ್ರೂ ಸಡಿಲ ಆಗಿದೆ ನೋಡೋ" ಎಂದ ಗೆಳೆಯ. ಬಿಚ್ಚಿದೆವು, ಆಗಿರಲಿಲ್ಲ. ಒಂದು ಗಂಟೆ ದಂಡ. ಆಮೇಲೆ, ಮೊದಲೇ ನೋಡಬೇಕಿದ್ದ ಸುತ್ತಿನ ಲೆಕ್ಕ ತೆಗೆದೆ. ಬ್ಯಾಟರಿ ಇಳಿದಂತೆ, ಸುತ್ತನ್ನು ಒಂದೇ ಸಮ ಇಡಬೇಕಾದ ಗವರ್ನರ್ ಪೂರ್ತಿ ಥ್ರಾಟಲ್ ಕೊಟ್ಟರೂ ರೋಟರ್ 1440ಕ್ಕೆ ಜಾರಿತ್ತು. ಗುದ್ದು 48ಕ್ಕೆ ಬಂದಿದೆ, ಪಟ್ಟಿ 50ರಲ್ಲೇ ಕಾಯುತ್ತಿದೆ!

ತುದಿಗೆ 5 ಗ್ರಾಂ ಸೇರಿಸಿದರೆ ಪಟ್ಟಿಯೂ 48ಕ್ಕೆ ಇಳಿಯುತ್ತದೆ. ಆಗ ಮೊದಲೆರಡು ನಿಮಿಷ ಕೆಡುತ್ತದೆ. 1982ರಲ್ಲಿ ನಾಲ್ಕು ಬ್ಲೇಡಿನ ಓಎಚ್-6ಎ ಹೆಲಿಕಾಪ್ಟರಿನಲ್ಲಿ ಕಂಪ್ಯೂಟರೇ ಬ್ಲೇಡುಗಳ ಕೋನ ಬದಲಿಸುವ ತಟ್ಟೆಯಾದ ಸ್ವಾಶ್‌ಪ್ಲೇಟನ್ನು ಸುತ್ತೊಂದಕ್ಕೆ ನಾಲ್ಕು ಸಲ ಅಲುಗಿಸಿ ನಡುಕ ಇಳಿಸುವ ಪ್ರಯೋಗ ಹಾರಾಟ ನಡೆಸಿದ್ದರು. ಅಂಥದ್ದಾದರೆ ಸುತ್ತಿನ ಬೆನ್ನಿಗೇ ಹೋಗಬಲ್ಲದು. ಆ ತಟ್ಟೆಯನ್ನು ಅಲುಗಿಸುವ ನಮ್ಮ ಪುಟ್ಟ ಮೋಟಾರುಗಳಿಗೆ, ಸರ್ವೋಗಳಿಗೆ, ಅಷ್ಟು ತ್ರಾಣವಿಲ್ಲ.

ಸಂಜೆ ಮೋಟಾರಿನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ತೆಗೆದು ಒಂದು ಹಲ್ಲು ಹೆಚ್ಚಿರುವುದನ್ನು ಹಾಕಿದೆ. ಬ್ಯಾಟರಿ ಕುಗ್ಗಿದಾಗಲೂ 1500 ಹಿಡಿಯಲು ಗವರ್ನರಿಗೆ ಈಗ ಒಂದಿಷ್ಟು ಜಾಗವಿದೆ. ಟೇಪುಗಳನ್ನು ಕೀಳಲಿಲ್ಲ.