ಥಾಣೆ ಖಾಡಿಗೆ ಹೊರಡುವ ಮುನ್ನ ಉಬ್ಬರದ ವೇಳೆ ನೋಡಿಕೊಳ್ಳಿ

ಮುಂಬೈ ಪಕ್ಕದ ಥಾಣೆ ಖಾಡಿಯ (ಸಮುದ್ರದ ನೀರು ಒಳನುಗ್ಗುವ ಹಿನ್ನೀರು) ರಾಜಹಂಸಗಳನ್ನು, ಅಂದರೆ ಫ್ಲೆಮಿಂಗೊಗಳನ್ನು, ನೋಡಬೇಕೆಂದಿದ್ದರೆ ರಜೆ ಯಾವತ್ತು ಎಂದು ನೋಡುವ ಮೊದಲು ಉಬ್ಬರ-ಇಳಿತದ ವೇಳೆ ನೋಡಿಕೊಳ್ಳಿ. ಇಳಿತಕ್ಕೆ ಕೆಸರುಬಯಲು ಹೊರಬಿದ್ದಾಗ ಹಕ್ಕಿಗಳು ಅಲ್ಲಿ ಮೇಯುತ್ತವೆ. ನೀರು ಏರಿ ಕೆಸರು ಮುಳುಗಿತೆಂದರೆ ಎದ್ದು ಹತ್ತಿರದ ಆಳವಿಲ್ಲದ ಕೆರೆಗಳಿಗೆ ಹೋಗಿ ನಿಲ್ಲುತ್ತವೆ.

ಮುಲುಂಡಿನ ಕೆಲವು ಕನ್ನಡ ಮನೆಗಳವರು ಅಜ್ಜಿ, ಮೊಮ್ಮಕ್ಕಳ ಸಮೇತ ಫೆಬ್ರವರಿಯಲ್ಲಿ ಹೋಗಿದ್ದೆವು. ನವೆಂಬರಿನಿಂದ ಮೇ ತನಕ ಹಕ್ಕಿಗಳು ಇರುತ್ತವೆ, ಆದರೆ ಮಾರ್ಚ್ ದಾಟಿದರೆ ದೋಣಿಯ ಬಿಸಿಲು ವಯಸ್ಸಾದವರಿಗೆ ಕಷ್ಟ. ಮುಲುಂಡ್ ಪೂರ್ವದವರಿಗೆ ಐರೋಲಿ ಸೇತುವೆ ದಾಟಿದರೆ ಆಯಿತು. ಉಳಿದವರು ಥಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ಐರೋಲಿಯಲ್ಲಿ ಇಳಿದು, ಅರಣ್ಯ ಇಲಾಖೆಯ ಜೀವವೈವಿಧ್ಯ ಕೇಂದ್ರಕ್ಕೆ ರಿಕ್ಷಾ ಮಾಡಿಕೊಳ್ಳಿ. ಅಲ್ಲಿಂದ ಹೊರಡುವ ದೋಣಿಯ ಸೀಟು ಮೊದಲೇ ಕಾಯ್ದಿರಿಸಿ. ದೋಣಿ ತೇಲುವಷ್ಟು ನೀರು, ಹಕ್ಕಿ ಮೇಯುವಷ್ಟು ಕೆಸರು ಎರಡೂ ಒದಗುವುದು ಕೆಲವೇ ಗಂಟೆ, ಹಾಗಾಗಿ ಹೊರಡುವ ಸಮಯ ದಿನದಿನಕ್ಕೂ ಬೇರೆ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ದೋಣಿಯವರಿಗೆ ‘ಇನ್ನೂ ಹತ್ತಿರ ಹೋಗಿ’ ಎಂದು ದಯವಿಟ್ಟು ಒತ್ತಾಯಿಸಬೇಡಿ. ಫೋಟೋಕ್ಕಾಗಿ ಹಿಂಡು ಎಬ್ಬಿಸಿದರೆ ಅವು ಮೇಯುವ ಹೊತ್ತು ಹಾಳು.

2015ರಲ್ಲಿ ಅಭಯಾರಣ್ಯ, 2022ರಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎಂದು ಘೋಷಿಸಿದ ಜಾಗವಿದು. ಆದರೂ ಹಕ್ಕಿಗಳನ್ನಷ್ಟೇ ನೋಡಿ ಬಂದರೆ ಅರ್ಧ ನೋಡಿದಂತೆ. ಎರಡೂ ದಡದ ಊರುಗಳ ಕೊಳಚೆ ನಾಲೆಗಳು ಬಂದು ಸೇರುವುದು ಇಲ್ಲಿಗೇ. ನಮ್ಮ ಮನೆಯ ಮೋರಿಯದೂ ಇದೇ ದಾರಿ. ಉಲ್ಲಾಸ್ ನದಿಯ ಮುಖ್ಯ ಹರಿವು ವಸಯಿ ಕಡೆಗೆ ಹೋಗುವುದರಿಂದ ಈ ಖಾಡಿಯನ್ನು ತೊಳೆದು ಒಯ್ಯುವ ದೊಡ್ಡ ಹೊಳೆಯಿಲ್ಲ. ಕೊಳಚೆಯ ಸಾರದಿಂದ ಪಾಚಿ ಬೆಳೆಯುತ್ತದೆ, ಸಣ್ಣ ಜಾತಿಯ ರಾಜಹಂಸಕ್ಕೆ ಆ ಪಾಚಿಯೇ ಮುಖ್ಯ ಆಹಾರ, ನಿಜ. ಆದರೆ ಅದೇ ನೀರಲ್ಲಿ ತಲೆಮಾರುಗಳಿಂದ ಮೀನು ಹಿಡಿದ ‘ಕೋಳಿ’ ಎಂಬ ಮೀನುಗಾರ ಸಮುದಾಯದವರ ಬಲೆಗೆ ಇವತ್ತು ಪ್ಲಾಸ್ಟಿಕ್ಕೂ ಬೀಳುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರುಬೇರುಗಳಿಗೆ ಚೀಲಗಳು ಸುತ್ತಿಕೊಂಡಿದ್ದವು. ಕುಂದಾಪುರದ ಅಜ್ಜಿ ಅದನ್ನೇ ನೋಡುತ್ತ ಮೊಮ್ಮಗನಿಗೆ, ‘ಹೀಂಗ್ ಸುತ್ಕಂಡ್ರೆ ಅದ್ ಉಸ್ರಾಡುದ್ ಹ್ಯಾಂಗೆ ಮಗಾ?’ ಎಂದರು. ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು ನಾನು ಹೇಳುವುದು ಇದಕ್ಕೇ.

ಉಬ್ಬರ ಏರುವ ಹೊತ್ತಿಗೆ ಐರೋಲಿಯಿಂದ ಪನ್ವೇಲ್ ಲೋಕಲ್ ಹಿಡಿದು ಸೀವುಡ್ಸ್‌ನಲ್ಲಿ ಇಳಿಯಿರಿ. ಅಲ್ಲಿನ ಡಿಪಿಎಸ್ ಕೆರೆಯ ದಂಡೆಯಿಂದ ಹಕ್ಕಿಗಳನ್ನು ನೋಡಲು ದೋಣಿ ಬೇಕಿಲ್ಲ. ಈ ಕೆರೆ ಇಂದು ಉಳಿದಿರುವುದು ಸುತ್ತಲಿನ ನಿವಾಸಿಗಳಿಂದ. 2024ರಲ್ಲಿ ಉಬ್ಬರದ ನೀರು ಒಳಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿತು, ಹಲವು ರಾಜಹಂಸಗಳು ಸತ್ತವು. ಜನ ದನಿ ಎತ್ತಿದರು, ಬೀದಿಗಿಳಿದರು. ನೀರು ಮತ್ತೆ ಒಳಬಂತು. 2025ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ಸರ್ಕಾರ ಒಪ್ಪಿತು. ದಂಡೆಯಲ್ಲಿ ವಾಕಿಂಗ್ ಬರುವವರನ್ನು ಮಾತಾಡಿಸಿ, ಯಾವ ಮೂಲೆಯಲ್ಲಿ ಹಕ್ಕಿ ನಿಲ್ಲುತ್ತವೆಂದು ಅವರೇ ತೋರಿಸುತ್ತಾರೆ.

ಮಕ್ಕಳಿಗೆ ಇನ್ನೂ ಉತ್ಸಾಹವಿದ್ದರೆ ಮುಂದಿನ ಸಲ ಕಾಂಡ್ಲಾ ಸ್ವಚ್ಛತೆಗೇ ಬನ್ನಿ. ಸ್ವಯಂಸೇವಕರು ಅದನ್ನು ಇಳಿತದ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಗಮ್‌ಬೂಟು, ದಪ್ಪ ಕೈಗವಸು, ತುಂಬುತೋಳಿನ ಹಳೆಯ ಅಂಗಿ ಬೇಕು. ಚಪ್ಪಲಿಯಲ್ಲಿ ಇಳಿದರೆ ಕೆಸರಿನೊಳಗಿನ ಗಾಜು ಕಾಲಿಗೆ ಚುಚ್ಚುತ್ತದೆ. ಬೇರಿಗೆ ಬಿಗಿದ ಚೀಲವನ್ನು ಎಳೆಯದೆ ಕತ್ತರಿಯಿಂದ ಬಿಡಿಸಿ.